ಚೀಟಿಯಿಲ್ಲದ ಮದ್ದು

ನಮ್ಮ ಕನ್ನಡದಲ್ಲಿ ‘ಮದ್ದು’ ಎಂಬ ಮಾತಿಗೆ ಎರಡು ಅರ್ಥಗಳುಂಟಷ್ಟೆ. ರೋಗವನ್ನು ಕಳೆಯುವುದೂ ಮದ್ದು. ಕೋವಿಯಲ್ಲಿ ಸಿಡಿಯುವುದೂ ಮದ್ದು. ಇದು ನಮ್ಮ ನುಡಿಯೊಂದರ ವಿಶೇಷವೇನೂ ಅಲ್ಲ. ಚೀನೀಯರು ಕೋವಿಯ ಮದ್ದನ್ನು ‘ಬೆಂಕಿಯ ಔಷಧ’ ಎಂದೇ ಕರೆದರು. ಈ ಎರಡು ಮದ್ದುಗಳಿಗೂ ಒಂದೇ ಕಟ್ಟಳೆ. ಅದು ಯಾವುದು, ಎಷ್ಟು ಪ್ರಮಾಣ, ಎಷ್ಟು ಹಳೆಯದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಅದನ್ನು ಬಳಸಲಾಗದು. ಚೀಟಿ ಕಿತ್ತುಹೋದ ಸೀಸೆಯಿಂದ ಮಗುವಿಗೆ ಔಷಧ ಕುಡಿಸುವ ತಾಯಿ ಉಂಟೆ? ಆದರೆ ಕೋವಿಯ ಮದ್ದಿನ ವಿಷಯದಲ್ಲಿ ಬುದ್ಧಿವಂತರೂ ಕೆಲವೊಮ್ಮೆ ಈ ಎಚ್ಚರವನ್ನು ಮರೆಯುವುದುಂಟು.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಒಂದು ಹವ್ಯಾಸವಿದೆ. ಬೇಟೆಗಾರರೂ ಗುರಿ ಹೊಡೆಯುವ ಪಂದ್ಯದವರೂ ಹಾರಿಸಿದ ತೋಟಾಗಳ ಹಿತ್ತಾಳೆಯ ಕೊಳವೆಗಳನ್ನು ಆಯ್ದು ತಂದು, ಮನೆಯಲ್ಲಿಯೇ ಮತ್ತೆ ತುಂಬಿಕೊಳ್ಳುತ್ತಾರೆ. ಅಲ್ಲಿ ಅದಕ್ಕೆ ಕಾನೂನಿನ ಅಡ್ಡಿಯಿಲ್ಲ, ಖರ್ಚೂ ಉಳಿಯುತ್ತದೆ. ಇವರ ಮುಂದೆ ಆಗಾಗ ಬರುವ ಪ್ರಶ್ನೆಯೊಂದಿದೆ: ಹಳೆಯ ತೋಟಾವನ್ನು ಬಿಡಿಸಿದರೆ ದೊರೆಯುವ ಭಾಗಗಳಲ್ಲಿ ಯಾವುದನ್ನು ಮತ್ತೆ ಬಳಸಬಹುದು, ಯಾವುದನ್ನು ಬಳಸಬಾರದು? ಬಲ್ಲವರು ಕೊಡುವ ಉತ್ತರ ಕೋವಿಯನ್ನು ಕಣ್ಣಿನಿಂದಲೂ ಕಾಣದ ನಮಗೂ ಒಂದು ಪಾಠವಾಗಿದೆ.

ತೋಟಾಕ್ಕೆ ನಾಲ್ಕು ಅಂಗಗಳು: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿರುವ ಕೇಪು, ಒಳಗಿನ ಮದ್ದು, ಬಾಯಲ್ಲಿ ಕೂತ ಗುಂಡು. ಕುದುರೆಯ ಪೆಟ್ಟಿಗೆ ಕೇಪು ಕಿಡಿ ಕಾರುತ್ತದೆ; ಆ ಕಿಡಿಯಿಂದ ಮದ್ದು ಉರಿದು ಅನಿಲವಾಗುತ್ತದೆ; ಅನಿಲದ ಒತ್ತಡ ಗುಂಡನ್ನು ಹೊರದೂಡುತ್ತದೆ. ದೊಡ್ಡ ರೈಫಲುಗಳಲ್ಲಿ ಈ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 4,000 ಪಟ್ಟು ಏರುವುದುಂಟು. ಬಂದೂಕಿನ ಉಕ್ಕು ತಡೆಯುವುದು ಅಷ್ಟನ್ನು, ಅದಕ್ಕಿಂತ ಸ್ವಲ್ಪ ಹೆಚ್ಚನ್ನು. ಮಿತಿ ಮೀರಿದರೆ ಬಂದೂಕವೇ ಒಡೆಯುತ್ತದೆ; ಅದು ಇರುವುದು ಹಾರಿಸುವವನ ಕೆನ್ನೆಯ ಪಕ್ಕದಲ್ಲಿ.

ಇನ್ನು ಮದ್ದಿನ ವಿಚಾರ. ಹಿಂದಿನ ಕಪ್ಪುಮದ್ದು ಪೆಟ್ಲುಪ್ಪು, ಇದ್ದಲು, ಗಂಧಕಗಳ ಮಿಶ್ರಣ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಎಂಬ ರಸಾಯನಜ್ಞ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ. ಇಂದಿನ ಮದ್ದುಗಳೆಲ್ಲ ಅದೇ ಕುಲದವು. ಇವುಗಳಲ್ಲಿ ಹತ್ತಾರು ಬಗೆ. ಕೆಲವು ಚಕ್ಕೆ, ಕೆಲವು ಕಡ್ಡಿ, ಕೆಲವು ಸಾಸಿವೆಯಂಥ ಉಂಡೆ. ನೋಡಲು ಅವಳಿಜವಳಿಯಂತಿರುವ ಎರಡು ಮದ್ದುಗಳಲ್ಲಿ ಒಂದು ನಿಧಾನವಾಗಿ ಉರಿಯುತ್ತದೆ, ಇನ್ನೊಂದು ಬಲು ಬೇಗ ಉರಿಯುತ್ತದೆ. ನಿಧಾನದ ಮದ್ದಿನ ಅಳತೆಯಲ್ಲಿ ಬೇಗದ ಮದ್ದನ್ನು ತುಂಬಿದರೆ ಅನಾಹುತ ಖಂಡಿತ. ಬಣ್ಣ, ವಾಸನೆ, ಆಕಾರಗಳಿಂದ ಇವನ್ನು ಬೇರ್ಪಡಿಸುವುದು ಸಾಧ್ಯವಿಲ್ಲ. ಕಾರ್ಖಾನೆಯವರು ತಮ್ಮ ತೋಟಾಗಳಿಗೆ ಅಂಗಡಿಯಲ್ಲಿ ಮಾರದ ಮದ್ದುಗಳನ್ನೂ ಬಳಸುತ್ತಾರೆ. ಆದ್ದರಿಂದ ಗುರುತು ತಿಳಿಯದ ತೋಟಾದಿಂದ ಸುರಿದ ಮದ್ದು ಎಷ್ಟೇ ಹೊಸದಾಗಿ ಕಂಡರೂ ಅದನ್ನು ಮತ್ತೆ ತುಂಬಬಾರದು ಎಂಬುದು ಮೊದಲನೆಯ ನಿಯಮ.

ವಯಸ್ಸಿನ ಪ್ರಶ್ನೆಯೂ ಉಂಟು. ಹೊಗೆಯಿಲ್ಲದ ಮದ್ದು ಕಾಲಕ್ರಮದಲ್ಲಿ ತನ್ನಷ್ಟಕ್ಕೆ ತಾನೇ ಕೊಳೆಯುತ್ತದೆ. ಕೊಳೆಯುವಾಗ ಆಮ್ಲಗುಣದ ಅನಿಲ ಹುಟ್ಟಿ, ಅದು ಕೊಳೆತವನ್ನು ಇನ್ನಷ್ಟು ಚುರುಕುಗೊಳಿಸುತ್ತದೆ; ಶಾಖ ಏರುತ್ತದೆ; ಕಡೆಗೆ ಯಾರೂ ಕಿಡಿ ಸೋಕಿಸದೆಯೇ ಹೊತ್ತಿಕೊಳ್ಳಬಲ್ಲದು. ಫ್ರಾನ್ಸಿನ ತೂಲಾನ್ ಬಂದರಿನಲ್ಲಿ 1907ರ ಮಾರ್ಚಿಯಲ್ಲಿ ‘ಇಯೆನಾ’, 1911ರ ಸೆಪ್ಟೆಂಬರಿನಲ್ಲಿ ‘ಲಿಬರ್ತೆ’ ಎಂಬ ಯುದ್ಧನೌಕೆಗಳು ಸಿಡಿದು ನೂರಾರು ಮಂದಿ ಮಡಿದರು. ಶತ್ರು ಯಾರೂ ಇರಲಿಲ್ಲ. ಉಗ್ರಾಣದಲ್ಲಿ ಕೆಟ್ಟಿದ್ದ ಮದ್ದೇ ಅದಕ್ಕೆ ಕಾರಣವೆಂದು ನಂಬಲಾಗಿದೆ. ಈಗ ಈ ಕೊಳೆತವನ್ನು ತಡೆಯುವ ದ್ರವ್ಯವನ್ನು ಮದ್ದಿಗೆ ಬೆರೆಸುತ್ತಾರೆ. ಆದರೆ ಆ ದ್ರವ್ಯವೂ ವರ್ಷಗಳು ಕಳೆದಂತೆ ಸವೆದುಹೋಗುತ್ತದೆ. ಮೂಗಿಗೆ ಚುರುಕೆನ್ನುವ ಹುಳಿವಾಸನೆ, ತುಕ್ಕಿನಂಥ ಕೆಂಪುಹುಡಿ, ಇವು ಮದ್ದು ಕೆಟ್ಟಿರುವುದರ ಲಕ್ಷಣಗಳು.

ಕೇಪಂತೂ ಗಾತ್ರದಲ್ಲಿ ಕಿರಿದು, ಕೋಪದಲ್ಲಿ ಹಿರಿದು. ಪೆಟ್ಟು ಬಿದ್ದೊಡನೆ ಸಿಡಿಯುವುದಕ್ಕಾಗಿಯೇ ಅದನ್ನು ಮಾಡಿರುವುದು. ಜೀವಂತ ಕೇಪನ್ನು ಕೊಳವೆಯಿಂದ ಕೀಳಹೊರಟವರ ಬೆರಳೂ ಕಣ್ಣೂ ಅಪಾಯಕ್ಕೆ ಈಡಾಗುತ್ತವೆ. ಎಣ್ಣೆಯಲ್ಲಿ ನೆನೆಸಿದರೆ ಅದು ಸಾಯುತ್ತದೆಂಬ ನಂಬಿಕೆಯೊಂದಿದೆ. ಕೆಲವು ಸಾಯಬಹುದು, ಕೆಲವು ಬದುಕಿಯೇ ಇರಬಹುದು. ಯಾವುದು ಬದುಕಿದೆಯೆಂದು ಹೊರಗಿನಿಂದ ತಿಳಿಯದು. ಹಳೆಯ ಕೇಪುಗಳಲ್ಲಿ ಪಾದರಸದ ಸಂಯುಕ್ತ ಇರುತ್ತಿತ್ತು. ಒಮ್ಮೆ ಹಾರಿಸಿದ ಮೇಲೆ ಆ ಪಾದರಸ ಹಿತ್ತಾಳೆಯೊಳಕ್ಕೆ ಇಳಿದು ಅದನ್ನು ಹಪ್ಪಳದಂತೆ ಪೆಡಸು ಮಾಡುತ್ತಿತ್ತು. ಅಂಥ ಕೊಳವೆ ಮತ್ತೆ ತುಂಬಲು ಬಾರದು.

ಹಿತ್ತಾಳೆಯ ಮಾತು ಬಂದುದರಿಂದ ನಮ್ಮ ದೇಶದಲ್ಲಿಯೇ ನಡೆದುದೊಂದನ್ನು ಹೇಳಬೇಕು. ಬ್ರಿಟಿಷರ ಕಾಲದಲ್ಲಿ ಇಲ್ಲಿಯ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಕೂಡಿಡುತ್ತಿತ್ತು. ಮಳೆ ಮುಗಿದು ನೋಡಿದರೆ ಕೊಳವೆಗಳು ಬಿರುಕುಬಿಟ್ಟಿರುತ್ತಿದ್ದವು. ಬಹುಕಾಲ ಕಾರಣ ತಿಳಿಯಲಿಲ್ಲ. ಕುದುರೆಗಳ ಮೂತ್ರದಿಂದೇಳುವ ಅಮೋನಿಯ, ಮಳೆಗಾಲದ ತೇವ, ಎಳೆದು ರೂಪಿಸಿದ ಹಿತ್ತಾಳೆಯೊಳಗೆ ಉಳಿದ ಬಿಗಿತ, ಈ ಮೂರೂ ಸೇರಿ ಬಿರುಕು ತರುತ್ತವೆಂದು 1921ರಲ್ಲಿ ಲೋಹಶಾಸ್ತ್ರಜ್ಞರು ವಿವರಿಸಿದರು. ಹಿತ್ತಾಳೆಯನ್ನು ಹದವಾಗಿ ಕಾಯಿಸಿ ಬಿಗಿತ ಕಳೆಯುವುದೇ ಇದಕ್ಕೆ ಪರಿಹಾರವಾಯಿತು. ತೋಟಾದ ಕೊಳವೆಗಳನ್ನು ಅಮೋನಿಯ ಬೆರೆತ ದ್ರಾವಣಗಳಿಂದ ತೊಳೆಯಬಾರದೆಂದು ಈಗಲೂ ಎಚ್ಚರಿಸುವುದು ಇದಕ್ಕಾಗಿಯೇ.

ಹಾಗಾದರೆ ಉಳಿಸಿಕೊಳ್ಳಬಹುದಾದುದು ಯಾವುದು? ಬಿರುಕಿಲ್ಲದ ಕೊಳವೆ ಮತ್ತು ಡೊಂಕಿಲ್ಲದ ಗುಂಡು. ಇವೆರಡನ್ನೂ ನೋಡಬಹುದು, ಅಳೆಯಬಹುದು, ತೂಗಬಹುದು. ಗುಂಡುಗಳಲ್ಲಿಯೂ ತುದಿಗೆ ಬಣ್ಣ ಬಳಿದ ಸೈನ್ಯದ ಗುಂಡುಗಳನ್ನು ಮುಟ್ಟಬಾರದು. ಅವುಗಳೊಳಗೆ ಉರಿಯುವ ದ್ರವ್ಯ ಇರಬಹುದು. ಹಳೆಯ ಸೀಸವನ್ನು ಕರಗಿಸುವಾಗ ಒಂದು ಹನಿ ನೀರು ಅದರೊಳಗೆ ಸಿಕ್ಕಿಕೊಂಡರೆ ಸಾಕು, ಅದು ಒಮ್ಮೆಲೇ ಉಗಿಯಾಗಿ ಹಿಗ್ಗಿ ಕಾದ ಸೀಸವನ್ನು ಮುಖಕ್ಕೆ ಎರಚುತ್ತದೆ. ಸೀಸದ ಧೂಳು ಮೆಲ್ಲನೆ ಕೊಲ್ಲುವ ವಿಷ. ಮಕ್ಕಳ ರಕ್ತದಲ್ಲಿ ಅದು ಎಷ್ಟು ಕಡಿಮೆಯಿದ್ದರೂ ನಿರಪಾಯವೆನ್ನುವಂತಿಲ್ಲ. ಆದಕಾರಣ ಆ ಕೆಲಸದ ಕೈಯನ್ನು ಸೋಪಿನಿಂದ ತೊಳೆಯದೆ ಊಟಕ್ಕೆ ಕೂರಬಾರದು. ಆ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳಬಾರದು.

ಕಣ್ಣು ಮತ್ತು ತಕ್ಕಡಿ ಪರೀಕ್ಷಿಸಬಲ್ಲುದನ್ನು ಉಳಿಸು, ಮಾಡಿದವನಿಗೆ ಮಾತ್ರ ಗೊತ್ತಿರುವುದನ್ನು ಬಿಡು: ಮೇಲೆ ಹೇಳಿದುದರ ಸಾರ ಇಷ್ಟೆ.

“ಇದೆಲ್ಲ ನಮಗೇಕೆ ಸ್ವಾಮಿ?” ಎಂದು ನೀವು ಕೇಳಬಹುದು. ನಮ್ಮಲ್ಲಿ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಆಯುಧ ಕಾಯಿದೆಯಂತೆ ಅಪರಾಧ; ಮನೆಯಲ್ಲಿ ತುಂಬಿಕೊಳ್ಳುವ ಮಾತೇ ಇಲ್ಲ, ನಿಜ. ಆದರೆ ಮಲೆನಾಡಿನ, ಕೊಡಗಿನ ಹಳೆಯ ಮನೆಗಳ ಅಟ್ಟದ ಪೆಟ್ಟಿಗೆಗಳಲ್ಲಿ ಅಜ್ಜನ ಕಾಲದ ತೋಟಾ, ಕೇಪುಗಳು ಇರುವುದುಂಟು. ಸೈನ್ಯ ಅಭ್ಯಾಸ ನಡೆಸುವ ಬಯಲುಗಳಲ್ಲಿ ಸಿಡಿಯದೆ ಬಿದ್ದ ಮದ್ದುಗುಂಡನ್ನು ಗುಜರಿಯ ಆಸೆಗೆ ಆಯ್ದು, ಸುತ್ತಿಗೆಯಿಂದ ಬಿಡಿಸಹೋಗಿ ಪ್ರಾಣ ನೀಗಿದವರ ಸುದ್ದಿಯನ್ನು ನಮ್ಮ ದೇಶದ ಪತ್ರಿಕೆಗಳಲ್ಲಿ ನೀವು ಓದಿದ್ದೀರಿ. ಹಿತ್ತಾಳೆಗೆ ಸಿಗುವ ನಾಲ್ಕು ಕಾಸು ಅವರ ಕಣ್ಣಿಗೆ ಕಂಡಿತು. ಒಳಗಿನ ಮದ್ದು ಯಾವುದೆಂದು ಕಾಣಲಿಲ್ಲ.

ಆದುದರಿಂದ ಅಟ್ಟದಲ್ಲಾಗಲಿ ಬಯಲಿನಲ್ಲಾಗಲಿ ಇಂಥ ವಸ್ತು ಕಂಡರೆ ಬಿಡಿಸಬೇಡಿ, ಬಡಿಯಬೇಡಿ, ಒಲೆಗಾಗಲಿ ಬಾವಿಗಾಗಲಿ ಹಾಕಬೇಡಿ. ಮಕ್ಕಳನ್ನು ದೂರ ಕಳಿಸಿ, ಇದ್ದುದನ್ನು ಇದ್ದಲ್ಲಿಯೇ ಬಿಟ್ಟು, ಪೊಲೀಸು ಠಾಣೆಗೆ ತಿಳಿಸಿ. ಮನೆಯ ಹುಡುಗರಿಗೂ ಇಷ್ಟನ್ನು ಇಂದೇ ಹೇಳಿಡಿ. ಇಂಥ ವಸ್ತು ಮೊದಲು ಕಣ್ಣಿಗೆ ಬೀಳುವುದು ಅವರಿಗೇ.