ತಟ್ಟೆ ಮಗುಚುವ ಮುನ್ನ

ಜರ್ಮನಿಯ ಹಳೆಯ ಪಿಂಗಾಣಿ ತಟ್ಟೆ ಕೈಗೆ ಸಿಕ್ಕರೆ ಎಲ್ಲರೂ ಮೊದಲು ಮಗುಚಿ ನೋಡುವುದು ಅದರ ತಳವನ್ನು. ಅಲ್ಲಿ ಅಡ್ಡಡ್ಡ ಇಟ್ಟ ಎರಡು ನೀಲಿ ಕತ್ತಿಗಳು ಕಂಡರಂತೂ ಮೈಸೆನ್ ಕಾರ್ಖಾನೆಯದೇ ಎಂದು ಹಿಗ್ಗುತ್ತಾರೆ. ಆದರೆ ಲೋಕದಲ್ಲಿ ಇಷ್ಟೊಂದು ನಕಲಾದ ಪಿಂಗಾಣಿ ಮುದ್ರೆ ಅಪರೂಪ.

ಸ್ಯಾಕ್ಸನಿಯ ದೊರೆ ಅಗಸ್ಟಸ್ 1710ರಲ್ಲಿ ಮೈಸೆನ್ ಕೋಟೆಯೊಳಗೆ ಕಾರ್ಖಾನೆ ಹೂಡಿದ. ಚಿನ್ನ ಮಾಡಬಲ್ಲೆನೆಂದು ಹೇಳಿ ಅವನ ಸೆರೆಗೆ ಬಿದ್ದಿದ್ದ ಬಟ್ಗರ್, ವಿದ್ವಾಂಸ ಚಿರ್ನ್‌ಹೌಸ್ ಜೊತೆ ದುಡಿದು, ಅದುವರೆಗೆ ಚೀನಾ, ಜಪಾನಿನಿಂದಲೇ ಬರುತ್ತಿದ್ದ ಗಟ್ಟಿ ಬಿಳಿ ಪಿಂಗಾಣಿಯನ್ನು ಯುರೋಪಿನಲ್ಲೂ ಸಾಧಿಸಿದ್ದ. ಕತ್ತಿಗಳ ಗುರುತು ಬಂದದ್ದು 1720ರ ದಶಕದಲ್ಲಿ.

ಆ ಗುರುತಿನ ಮೇಲೆ ಬೆರಳಾಡಿಸಿ. ಅಸಲಿಯಲ್ಲಿ ನೀಲಿ ಬಣ್ಣ ಮೆರುಗಿನ ಅಡಿಯಲ್ಲಿರುತ್ತದೆ, ಬೆರಳಿಗೆ ತಾಗದು. ಹಿಡಿಗಳ ಬಳಿ ನಕ್ಷತ್ರವಿದ್ದರೆ ಸಾಮಾನ್ಯವಾಗಿ 1774ರಿಂದ 1814ರ ನಡುವಿನದು. ಅಲಗುಗಳ ನಡುವೆ ಮೇಲ್ಗಡೆ ಚುಕ್ಕೆಯಿದ್ದರೆ 1924ರಿಂದ 1934ರ ಕಾಲದ್ದು. ಕತ್ತಿಗಳ ಮೇಲೆ ಅಡ್ಡಗೀರು ಕೊರೆದಿದ್ದರೆ ಅದು ಕಾರ್ಖಾನೆಯೇ ಎರಡನೇ ದರ್ಜೆಗೆ ಇಳಿಸಿದ ಮಾಲು. ಇವೆಲ್ಲವನ್ನೂ ನಕಲು ಮಾಡಬಹುದು. ಹಾಗಾಗಿ ನನ್ನ ನಂಬಿಕೆ ಮುದ್ರೆಗಿಂತ ಚಿತ್ರದ ಮೇಲೆ ಹೆಚ್ಚು. ಭೂತಗನ್ನಡಿ ಹಿಡಿದರೆ ಕುಂಚದ ಎಳೆ ಒಂದೆಡೆ ದಟ್ಟ, ಒಂದೆಡೆ ತೆಳು. ಅಚ್ಚೊತ್ತಿದ ಚಿತ್ರದಲ್ಲಿ ಸಣ್ಣ ಚುಕ್ಕೆಗಳೋ ಏಕರೂಪದ ಗೀಟುಗಳೋ ಕಾಣುತ್ತವೆ. ದಾಳಿಂಬೆ, ಪೀಚ್ ಹಣ್ಣುಗಳ ಹೆಸರಾಂತ ನೀಲಿ 'ಈರುಳ್ಳಿ' ಚಿತ್ತಾರವನ್ನು ಹತ್ತಾರು ಕಾರ್ಖಾನೆಗಳು ಎತ್ತಿಕೊಂಡವು. ಅದನ್ನು ತಡೆಯಲು ಮೈಸೆನ್ ಹತ್ತೊಂಬತ್ತನೇ ಶತಮಾನದ ಕೊನೆಗೆ ತಟ್ಟೆಯ ಮುಖದಲ್ಲೇ, ಚಿತ್ತಾರದ ಬಿದಿರಿನ ಬುಡದಲ್ಲಿ, ಪುಟ್ಟ ಕತ್ತಿಗಳನ್ನು ಬರೆಸಿತು.

ಬವೇರಿಯದ ರೊಸೆಂತಾಲ್, ಹುಚೆನ್‌ರಾಯ್ಟರ್ ಪಾತ್ರೆಗಳಲ್ಲಿ ಊರು, ದೇಶದ ಹೆಸರೇ ಸುಳಿವು. 'ಮೇಡ್ ಇನ್ ಜರ್ಮನಿ' ಎಂದಿದ್ದರೆ 1887ರ ಬ್ರಿಟಿಷ್ ಕಾನೂನಿನ ನಂತರದ್ದು. 'ಯುಎಸ್ ಝೋನ್' ಎಂದಿದ್ದರೆ ಎರಡನೇ ಮಹಾಯುದ್ಧ ಮುಗಿದ ಕೆಲವೇ ವರ್ಷಗಳದ್ದು.

ಬೆಲೆ ಕಟ್ಟುವಾಗ ವಯಸ್ಸೊಂದೇ ಸಾಲದು. ಸ್ಯಾಕ್ಸನಿಯ ಮಂತ್ರಿ ಕೌಂಟ್ ಬ್ರೂಲ್‌ಗಾಗಿ ಮೈಸೆನ್ನಿನ ಶಿಲ್ಪಿ ಕ್ಯಾಂಡ್ಲರ್ 1737ರಿಂದ 1742ರವರೆಗೆ ರೂಪಿಸಿದ, ಎರಡು ಸಾವಿರಕ್ಕೂ ಮಿಕ್ಕಿದ ಪಾತ್ರೆಗಳ ಹಂಸ ಸೆಟ್ಟಿನ ಬಿಡಿ ತಟ್ಟೆಗೂ ಸಂಗ್ರಾಹಕರು ಮುಗಿಬೀಳುತ್ತಾರೆ. ಇಪ್ಪತ್ತನೇ ಶತಮಾನದ ಚಿನ್ನದಂಚಿನ ಊಟದ ಸೆಟ್ಟುಗಳಿಗೆ ಆ ಬೇಡಿಕೆಯಿಲ್ಲ. ಮುಚ್ಚಳ ಅದೇ ಪಾತ್ರೆಯದೇ, ಚಿನ್ನ ಸವೆದಿದೆಯೇ, ಚೂರಿಯ ಗೀರುಗಳಿವೆಯೇ ನೋಡಿ. ಉಗುರಿನಿಂದ ಮೆಲ್ಲಗೆ ತಟ್ಟಿ: ಸದ್ದು ಮಂಕಾಗಿದ್ದರೆ ಕೂದಲೆಳೆಯ ಬಿರುಕಿರಬಹುದು. ಕೊನೆಗೆ, ಮಾರುವವರು ಹೇಳುವ ಬೆಲೆ ನಂಬಬೇಡಿ. ಅಂಥದ್ದೇ ಪಾತ್ರೆ ಇತ್ತೀಚಿನ ಹರಾಜಿನಲ್ಲಿ ಎಷ್ಟಕ್ಕೆ ಹೋಯಿತೆಂದು ವಿಚಾರಿಸಿ.