ಕೋಳಿಗೂಡಿಗೆ ಹೋದ ಹಳದಿ ಬಲ್ಬ್

ಮಳೆಗಾಲದಲ್ಲಿ ನಮ್ಮೂರಲ್ಲಿ ಕರೆಂಟ್ ಹೋದರೆ ಸುದ್ದಿಯಲ್ಲ, ಬಂದರೆ ಸುದ್ದಿ. ನಾಪೋಕ್ಲು ಕಡೆ ಕಾಫಿ ತೋಟದ ನಡುವಿನ ಮನೆ ನಮ್ಮದು. ಗಾಳಿಗೆ ಒಂದು ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬಿದ್ದರೆ ಸಾಕು, ಇಡೀ ಸಾಲಿನ ಮನೆಗಳಿಗೆ ಕತ್ತಲೆ. ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿ 1902ರಲ್ಲೇ ಶಿವನಸಮುದ್ರದಲ್ಲಿ ಕರೆಂಟಾಗಿ ಕೋಲಾರದ ಚಿನ್ನದ ಗಣಿಗೆ ಹೋದಳು. ಅವಳ ತವರಿನಲ್ಲಿ ನಾವು ಇನ್ನೂ ಮೇಣದಬತ್ತಿ ಹುಡುಕುತ್ತಿದ್ದೇವೆ!

ಅದಕ್ಕೆಂದೇ ಅಪ್ಪ ಕಾಫಿ ಮಾರಿದ ದುಡ್ಡಿನಲ್ಲಿ ಇನ್ವರ್ಟರ್ ತಂದಿದ್ದರು. ಆದರೆ ಅದು ಮೂರು ಗಂಟೆಗೇ ಕುಯ್ ಎಂದು ಕೂಗಿ ಮಲಗಿಬಿಡುತ್ತಿತ್ತು. ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ನನಗೆ ಅದು ಬರೀ ಕಿರಿಕಿರಿಯಾಗಿತ್ತು. ಕಕ್ಕಡ ತಿಂಗಳ ಒಂದು ರಾತ್ರಿ ಅದು ಕಿರಿಕಿರಿಯಾಗಿ ಉಳಿಯಲಿಲ್ಲ. ಅಜ್ಜಿ ಬಚ್ಚಲಿಗೆ ಹೋಗುವಾಗಲೇ ದೀಪ ಆರಿತು. ಮೆಟ್ಟಿಲು ತಪ್ಪಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಮಡಿಕೇರಿಗೆ ಹೋಗುವಾಗ ಜೀಪಿನಲ್ಲಿ ಯಾರೂ ಮಾತಾಡಲಿಲ್ಲ.

ಮರುದಿನ ಬಂದ ಮೆಕ್ಯಾನಿಕ್, ‘ಬ್ಯಾಟರಿ ಸರಿಯಾಗಿದೆ. ನಿಮ್ಮ ಬಲ್ಬುಗಳೇ ಹೊಟ್ಟೆಬಾಕ’ ಎಂದ. ಪರೀಕ್ಷೆಗೆಂದು ಮಾಡುತ್ತಿದ್ದ ಲೆಕ್ಕ ಮೊದಲ ಬಾರಿಗೆ ಮನೆಗೆ ಉಪಯೋಗಕ್ಕೆ ಬಂತು. ನಮ್ಮದು 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ. ಅಂದರೆ 1,800 ವಾಟ್-ಅವರ್. ನಷ್ಟವೆಲ್ಲ ಕಳೆದು 1,200 ಸಿಕ್ಕಿತು ಎಂದಿಟ್ಟುಕೊಳ್ಳಿ. 60 ವಾಟ್‌ನ ಆರು ಹಳದಿ ಬಲ್ಬುಗಳು ಉರಿದರೆ 360 ವಾಟ್; ಮೂರು ಗಂಟೆ ಚಿಲ್ಲರೆಗೆ ಖಾಲಿ. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವಾಟ್‌ನ ಆರು ಎಲ್‌ಇಡಿಗೆ ಬರೀ 54 ವಾಟ್. ಇಪ್ಪತ್ತು ಗಂಟೆಗೂ ಮೀರಿ ಬರುತ್ತದೆ!

ಅಪ್ಪ ಒಪ್ಪಲಿಲ್ಲ. 2015ರ ಕೊನೆಯಲ್ಲಿ ‘ಹೊಸ ಬೆಳಕು’ ಯೋಜನೆಯಲ್ಲಿ ಕಡಿಮೆ ಬೆಲೆಗೆ ಎಲ್‌ಇಡಿ ಕೊಡಲು ಶುರುಮಾಡಿದಾಗಲೂ ಅವರು ಕಿವಿಗೊಟ್ಟಿರಲಿಲ್ಲ. ಈಗಂತೂ, ‘ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ, ಉಳಿಸಿ ಏನು ಮಾಡ್ತೀಯ?’ ಎಂದರು. ಉಚಿತವೆಂದರೆ ಲೆಕ್ಕವಿಲ್ಲದ್ದಲ್ಲ. ಹಿಂದಿನ ಸರಾಸರಿಗೆ ಸ್ವಲ್ಪ ಸೇರಿಸಿ ಮಿತಿ ಇಟ್ಟಿದ್ದಾರೆ; ದಾಟಿದ್ದಕ್ಕೆ ಹಣ ಕೊಡಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ದಿನಕ್ಕೆ ಐದು ಗಂಟೆ ಉರಿದರೆ ಆ ಆರು ಬಲ್ಬುಗಳೇ ತಿಂಗಳಿಗೆ 54 ಯೂನಿಟ್ ನುಂಗುತ್ತವೆ. ಎಲ್‌ಇಡಿಗೆ ಎಂಟು ಸಾಕು. ಅದಕ್ಕಿಂತ ಹೆಚ್ಚಾಗಿ, ‘ಇನ್ವರ್ಟರ್‌ಗೆ ಗೃಹಜ್ಯೋತಿ ಗೊತ್ತಿಲ್ಲ ಅಪ್ಪಾ’ ಎಂದೆ. ಪ್ಲಾಸ್ಟರ್ ಹಾಕಿಕೊಂಡು ಕೂತಿದ್ದ ಅಜ್ಜಿಯ ಕಡೆ ನೋಡಿ ಅವರು ಸುಮ್ಮನಾದರು.

ಹುಮ್ಮಸ್ಸಿನಲ್ಲಿ ರಸ್ತೆಬದಿಯಲ್ಲಿ ಐವತ್ತು ರೂಪಾಯಿಗೊಂದರಂತೆ ಬಲ್ಬ್ ತಂದೆ. ವೋಲ್ಟೇಜ್ ಇಳಿದಾಗೆಲ್ಲ ಮಿಣಮಿಣ. ಎರಡು ತಿಂಗಳಿಗೆ ನಾಲ್ಕು ಸತ್ತವು. ಅಪ್ಪ ಏನೂ ಹೇಳಲಿಲ್ಲ, ನಕ್ಕರು. ಅದು ಬೈಗುಳಕ್ಕಿಂತ ಜೋರಾಗಿತ್ತು.

ಆಮೇಲೆ ಡಬ್ಬಿ ಓದುವುದನ್ನು ಕಲಿತೆ. ವಾಟ್ ಹೇಳುವುದು ತಿನ್ನುವ ಕರೆಂಟನ್ನು. ಕೊಡುವ ಬೆಳಕನ್ನು ಹೇಳುವುದು ಲೂಮೆನ್. 60 ವಾಟ್‌ನ ಹಳದಿ ಬಲ್ಬಿನ ಜಾಗಕ್ಕೆ ಸುಮಾರು 800 ಲೂಮೆನ್ ಇರಬೇಕು. ನಮ್ಮಂಥ ಊರಿಗೆ ವೋಲ್ಟೇಜ್ ವ್ಯಾಪ್ತಿಯೂ ಮುಖ್ಯ. 100ರಿಂದ 300 ವೋಲ್ಟ್ ಎಂದು ಬರೆದಿದ್ದರೆ ಏರಿಳಿತ ತಡೆಯುತ್ತದೆ. ಬಿಇಇ ನಕ್ಷತ್ರದ ಗುರುತು, ಗ್ಯಾರಂಟಿಯ ಅವಧಿ ನೋಡಿ, ರಸೀದಿ ಇಟ್ಟುಕೊಳ್ಳಿ. ಗಾಳಿಯಾಡದ ಗಾಜಿನ ಬುರುಡೆಯೊಳಗೆ ಎಲ್‌ಇಡಿ ಹಾಕಬೇಡಿ, ಬಿಸಿಗೆ ಅದರ ಆಯುಸ್ಸು ಕುಗ್ಗುತ್ತದೆ.

ಬಣ್ಣವನ್ನೂ ಆರಿಸಬೇಕು. ನನ್ನ ಓದಿನ ಮೇಜಿಗೆ 6500 ಕೆಲ್ವಿನ್‌ನ ಬಿಳಿ ಬೆಳಕು ಇಷ್ಟವಾಯಿತು. ಅಜ್ಜಿಯ ಕೋಣೆಗೆ ಅದನ್ನೇ ಹಾಕಿದರೆ, ‘ಮತ್ತೆ ಆಸ್ಪತ್ರೆಗೆ ಬಂದ ಹಾಗಾಯ್ತು’ ಎಂದರು. 3000 ಕೆಲ್ವಿನ್‌ನ ಹಳದಿ ಛಾಯೆಯ ಎಲ್‌ಇಡಿ ಹಾಕಿದ ಮೇಲೆ ನಿದ್ದೆಗೆ ದಾರಿಯಾಯಿತು. ಬಚ್ಚಲಿನ ಮೆಟ್ಟಿಲಿಗೆ ಅರ್ಧ ವಾಟ್‌ನ ಪುಟ್ಟ ದೀಪ ರಾತ್ರಿಯಿಡೀ ಉರಿಯುತ್ತದೆ.

ಈ ಮಳೆಗಾಲದಲ್ಲಿ ಒಮ್ಮೆ ಸಂಜೆ ಆರಕ್ಕೆ ಹೋದ ಕರೆಂಟ್ ಮರುದಿನ ಬೆಳಿಗ್ಗೆ ಬಂತು. ಇನ್ವರ್ಟರ್ ಕುಯ್ ಎನ್ನಲಿಲ್ಲ. ನಾನು ಎರಡು ಅಧ್ಯಾಯ ಮುಗಿಸಿದೆ.

ಅಪ್ಪ ಒಂದು ಹಳದಿ ಬಲ್ಬನ್ನು ಮಾತ್ರ ಬಿಡಲಿಲ್ಲ. ಅದೀಗ ಕೋಳಿಗೂಡಿನಲ್ಲಿ ಮರಿಗಳನ್ನು ಬೆಚ್ಚಗಿಡುತ್ತಿದೆ. ತಿಂದ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಶಾಖವಾಗಿಸುವ ಅದಕ್ಕೆ ಅದೇ ಸರಿಯಾದ ಕೆಲಸ. ನನ್ನ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ. ಅಜ್ಜಿಯ ಕೈ ಕೂಡಿದೆ, ಆದರೆ ಕಡಂಬಿಟ್ಟು ಉಂಡೆ ಕಟ್ಟುವಾಗ ಈಗಲೂ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಪುಟ ಅರ್ಧದ ಆ ಲೆಕ್ಕವನ್ನು ಒಂದು ಮಳೆಗಾಲ ಮೊದಲೇ ಮಾಡಬಹುದಿತ್ತು ಎಂದು ಆಗೆಲ್ಲ ಅನ್ನಿಸುತ್ತದೆ.