ಹೊಲದ ಔಷಧಿ, ಜಠರದ ಬ್ಯಾಕ್ಟೀರಿಯಾ

ದಿನವಿಡೀ ಬೆನ್ನಿಗೆ ಕ್ಯಾನ್ ಹೊತ್ತು ಔಷಧಿ ಹೊಡೆದವರಿಗೆ ಸಂಜೆ ವಾಕರಿಕೆ, ಹೊಟ್ಟೆ ನುಲಿತ ಬಂದರೆ ಕಾರಣ ಹುಡುಕುವುದು ಕಷ್ಟವಲ್ಲ. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಕೋಲಿನೆಸ್ಟರೇಸ್ ಎಂಬ ಕಿಣ್ವದ ಕೈ ಕಟ್ಟುತ್ತವೆ. ಅಸಿಟೈಲ್‌ಕೋಲಿನ್ ಎಂಬ ನರಸಂದೇಶಕವನ್ನು ಒಡೆದುಹಾಕುವುದು ಆ ಕಿಣ್ವದ ಕೆಲಸ. ಹುಳುವಿಗೂ ಅದು ಬೇಕು, ನಮಗೂ ಬೇಕು. ಜಠರಕ್ಕೆ ಆಮ್ಲ ಸುರಿಸಲು ಹೇಳುವ ಸಂದೇಶಕಗಳಲ್ಲಿ ಈ ಅಸಿಟೈಲ್‌ಕೋಲಿನ್ ಕೂಡ ಒಂದು.

ಇದು ಕಣ್ಣಿಗೆ ಕಾಣುವ ವಿಷಬಾಧೆ. ನನ್ನನ್ನು ಹೆಚ್ಚು ಕಾಡುವುದು ಯಾರನ್ನೂ ಆಸ್ಪತ್ರೆಗೆ ಸೇರಿಸದಷ್ಟು ಸಣ್ಣ ಪ್ರಮಾಣ. ಮುಚ್ಚಳದಲ್ಲಿ ಅಳೆಯುವಾಗ ಬೆರಳಿಗೆ ತಾಗಿದ್ದು, ಸರಿಯಾಗಿ ತೊಳೆಯದ ಕೈಯಲ್ಲೇ ಬದುವಿನ ಮೇಲೆ ಕೂತು ಬುತ್ತಿ ಉಂಡಾಗ ಒಳಗೆ ಹೋದದ್ದು. ಅದು ಜಠರದಲ್ಲಿ ಮೊದಲೇ ನೆಲೆಸಿರುವ ಬ್ಯಾಕ್ಟೀರಿಯಾವನ್ನು ಸಂಧಿಸಿದರೆ ಏನಾಗುತ್ತದೆ?

ಆ ಬ್ಯಾಕ್ಟೀರಿಯಾದ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಹುಣ್ಣಿಗೆ ಖಾರ, ಚಿಂತೆಯೇ ಕಾರಣ ಎಂದು ವೈದ್ಯರೂ ನಂಬಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಪರ್ತ್‌ನ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಇದರತ್ತ ಬೆರಳು ತೋರಿಸಿದರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಜೀವಿ ಯೂರಿಯಾವನ್ನು ಒಡೆದು ಅಮೋನಿಯಾ ತಯಾರಿಸಿ, ಸುತ್ತಲಿನ ಆಮ್ಲವನ್ನು ತಣಿಸಿಕೊಂಡು ಲೋಳೆಯ ಪದರದೊಳಗೆ ಬದುಕುತ್ತದೆ. ಇದರ ಕೆಲವು ತಳಿಗಳು ಕ್ಯಾಗ್‌-ಎ ಎಂಬ ಪ್ರೋಟೀನನ್ನು ಸೂಜಿ ಚುಚ್ಚಿದಂತೆ ನಮ್ಮ ಕೋಶದೊಳಗೆ ಇಳಿಸುತ್ತವೆ. ಉರಿಯೂತ ದಶಕಗಟ್ಟಲೆ ಉಳಿದರೆ ಕೆಲವರಲ್ಲಿ ಕ್ಯಾನ್ಸರ್‌ಗೆ ದಾರಿಯಾಗುತ್ತದೆ.

ಅನೇಕ ಕೀಟನಾಶಕಗಳು ಜೀವಕೋಶಗಳಲ್ಲಿ ಆಕ್ಸಿಡೀಕರಣದ ಒತ್ತಡ ಹೆಚ್ಚಿಸುತ್ತವೆ. ಹೆಲಿಕೋಬ್ಯಾಕ್ಟರ್ ಮಾಡುವ ಹಾನಿಯಲ್ಲೂ ಇದೇ ಒತ್ತಡದ ಪಾಲು ದೊಡ್ಡದು. ಎರಡೂ ಒಂದೇ ಕೋಶದ ಮೇಲೆ ಬಿದ್ದಾಗ ಹಾನಿ ಹೆಚ್ಚಬಹುದು ಎಂಬ ಶಂಕೆ ಹುಟ್ಟುವುದು ಇಲ್ಲಿಂದ.

ಬ್ಯಾಕ್ಟೀರಿಯಾದ ಕಡೆಯಿಂದ ನೋಡಿದರೆ ವಿಷಯ ಇನ್ನೂ ಗಂಭೀರ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಜ್ಯಾಕ್ ಹೈನ್‌ಮನ್ ಅವರ ತಂಡ 2015ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಇ. ಕೋಲಿ ಮತ್ತು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಳನ್ನು ಗ್ಲೈಫೋಸೇಟ್, 2,4-ಡಿ, ಡೈಕಾಂಬ ಕಳೆನಾಶಕಗಳ ಅಂಗಡಿ ಸರಕಿನ ಜೊತೆಗೇ ಆ್ಯಂಟಿಬಯಾಟಿಕ್‌ಗೂ ಒಡ್ಡಿದರು. ಕಳೆನಾಶಕದ ಪ್ರಮಾಣ ಬ್ಯಾಕ್ಟೀರಿಯಾವನ್ನು ಕೊಲ್ಲುವಷ್ಟಿರಲಿಲ್ಲ. ಹೊಲಕ್ಕೆ ಸಿಂಪಡಿಸುವುದಕ್ಕಿಂತ ಕಡಿಮೆ, ಆಹಾರದಲ್ಲಿ ಇರಬಹುದಾದ ಮಿತಿಗಿಂತ ಹೆಚ್ಚು. ಗ್ಲೈಫೋಸೇಟ್ ಸರಕಿನ ಜೊತೆಯಲ್ಲಿದ್ದಾಗ ಸಿಪ್ರೊಫ್ಲಾಕ್ಸಸಿನ್‌ನ ಮಾಮೂಲಿ ಪ್ರಮಾಣ ಸಾಲದಾಯಿತು. ಅಪರಿಚಿತ ರಾಸಾಯನಿಕ ಒಳನುಗ್ಗಿದೊಡನೆ ಬ್ಯಾಕ್ಟೀರಿಯಾ ತನ್ನ ಕೋಶಪೊರೆಯ ಪಂಪ್‌ಗಳನ್ನು ಚಾಲೂ ಮಾಡಿ ಅದನ್ನು ಹೊರಹಾಕುತ್ತದೆ. ಆ ಪಂಪ್‌ಗಳಿಗೆ ಕಳೆನಾಶಕ ಯಾವುದು, ಮದ್ದು ಯಾವುದು ಎಂಬ ಭೇದವಿಲ್ಲ. ಪಂಪ್ ತಡೆಯುವ ವಸ್ತು ಬೆರೆಸಿದಾಗ ಈ ಪರಿಣಾಮ ತಗ್ಗಿತು. ಕೆಲವು ಜೋಡಿಗಳಲ್ಲಿ ಮಾತ್ರ ಫಲ ತಿರುಗುಮುರುಗಾಗಿ, ಬ್ಯಾಕ್ಟೀರಿಯಾ ಇನ್ನಷ್ಟು ಸುಲಭವಾಗಿ ಸತ್ತವು. ಇದನ್ನು ಮರೆತು ಎಲ್ಲ ಕಳೆನಾಶಕವೂ ಎಲ್ಲ ಮದ್ದನ್ನೂ ಕೆಡಿಸುತ್ತದೆ ಎಂದರೆ ಸುಳ್ಳಾಗುತ್ತದೆ.

ಪ್ರಯೋಗ ನಡೆದದ್ದು ಕಳೆನಾಶಕಗಳಿಂದ, ಕೀಟನಾಶಕಗಳಿಂದಲ್ಲ; ಅದೂ ಇ. ಕೋಲಿ, ಸಾಲ್ಮೊನೆಲ್ಲಾಗಳ ಮೇಲೆ, ಹೆಲಿಕೋಬ್ಯಾಕ್ಟರ್ ಮೇಲಲ್ಲ. ಆದರೆ ಅಂಥ ಪಂಪ್‌ಗಳು ಹೆಲಿಕೋಬ್ಯಾಕ್ಟರ್‌ಗೂ ಇವೆ. ಇದರ ಚಿಕಿತ್ಸೆಯ ಮುಖ್ಯ ಮದ್ದಾದ ಕ್ಲಾರಿಥ್ರೊಮೈಸಿನ್‌ಗೆ ಪ್ರತಿರೋಧ ಎಷ್ಟು ಹಬ್ಬಿತ್ತೆಂದರೆ, ಹೊಸ ಮದ್ದು ತುರ್ತಾಗಿ ಬೇಕಾದ ಬ್ಯಾಕ್ಟೀರಿಯಾಗಳ 2017ರ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೂ ಸೇರಿಸಿತು. ಆ ಪ್ರತಿರೋಧ ಬಹುಮಟ್ಟಿಗೆ ಜೀನ್ ಬದಲಾವಣೆಯಿಂದ ಬಂದದ್ದು, ಅದಕ್ಕೆ ಕೀಟನಾಶಕವನ್ನು ದೂರಲಾಗದು. ಆದರೂ ಈಗಾಗಲೇ ಸೋಲುತ್ತಿರುವ ಮದ್ದಿಗೆ ಇನ್ನೊಂದು ಅಡ್ಡಿ ಬಂದೀತೇ ಎಂದು ನೋಡದೆ ಬಿಡುವುದು ತಪ್ಪು.

ನೋಡಲು ಬೇಕಾದ ಪರೀಕ್ಷೆಗಳು ಈಗಾಗಲೇ ಇವೆ. ರಕ್ತದಲ್ಲಿ ಕೋಲಿನೆಸ್ಟರೇಸ್ ಎಷ್ಟು ಕುಸಿದಿದೆ ಎಂದು ಅಳೆದರೆ ಆರ್ಗನೋಫಾಸ್ಫೇಟ್ ಮೈಗೆ ಸೇರಿದ್ದು ತಿಳಿಯುತ್ತದೆ. ಕಾರ್ಬನ್‌-13 ಬೆರೆಸಿದ ಯೂರಿಯಾ ಕುಡಿಸಿ, ಸುಮಾರು ಅರ್ಧ ಗಂಟೆಯ ನಂತರ ಉಸಿರನ್ನು ಪರೀಕ್ಷಿಸಿದರೆ ಹೆಲಿಕೋಬ್ಯಾಕ್ಟರ್ ಇರುವುದು ಗೊತ್ತಾಗುತ್ತದೆ. ರಾಯಚೂರು, ಬಳ್ಳಾರಿಯ ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಸಿಂಪಡಣೆ ನಡೆಯುವ ತಿಂಗಳುಗಳಲ್ಲಿ, ಔಷಧಿ ಹೊಡೆಯುವವರಿಗೂ ಅದೇ ಊರಿನ ಹೊಡೆಯದವರಿಗೂ ಇವೆರಡು ಪರೀಕ್ಷೆ ಮಾಡಬೇಕು. ಸೋಂಕು ಇದ್ದವರಿಗೆ ಚಿಕಿತ್ಸೆ ಕೊಟ್ಟು, ಮುಗಿದ ನಾಲ್ಕು ವಾರದ ಮೇಲೆ ಮತ್ತೆ ಉಸಿರು ಪರೀಕ್ಷಿಸಿ, ಯಾರಲ್ಲಿ ಮದ್ದು ಗೆದ್ದಿತು, ಯಾರಲ್ಲಿ ಸೋತಿತು ಎಂದು ಹೋಲಿಸಬೇಕು.